ಶಾರ್ಜಾದಿಂದ ಬಾಗಲಕೋಟೆಗೆ: ಬ್ಯಾಗ್ ಕಟ್ಟುವ ಮೊದಲಿನ ಕಸ್ಟಮ್ಸ್ ಲೆಕ್ಕ

ಊರಿಗೆ ಟಿಕೆಟ್ ಬುಕ್ ಆಯಿತು ಅಂತ ಒಬ್ಬರಿಗೆ ಹೇಳಿದರೆ ಸಾಕು, ವಾಟ್ಸಾಪ್ ತುಂಬ ಪಟ್ಟಿ ಬರಲು ಶುರು. ಅಕ್ಕನಿಗೆ ಖರ್ಜೂರ, ಬಾದಾಮಿ. ಮಾವನಿಗೆ ಮೊಣಕಾಲಿಗೆ ಹಚ್ಚುವ ಎಣ್ಣೆ. ಅಳಿಯನಿಗೆ ಹೊಸ ಫೋನ್. ಅಣ್ಣನ ಮಗನದು ಬೇರೆಯೇ ಲೋಕ: "ಕಾಕಾ, ಒಂದು ಡ್ರೋನ್ ತಂದ್ಬಿಡ್ರಿ, ರೊಕ್ಕ ನಾ ಕೊಡ್ತೀನಿ."

ನಾನು ಶಾರ್ಜಾದ ಒಂದು ಗೋಡೌನಿನಲ್ಲಿ ಸ್ಟೋರ್‌ಕೀಪರ್. ಬಂದ ಮಾಲು, ಹೋದ ಮಾಲು ಬರೆದಿಡುವುದೇ ಹೊಟ್ಟೆಪಾಡು. ಆ ಚಟ ಬ್ಯಾಗ್ ಕಟ್ಟುವಾಗಲೂ ಬಿಡುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಸಾಮಾನಿನ ಹೆಸರು, ಬೆಲೆ, ಬಿಲ್ ಇದೆಯೋ ಇಲ್ಲವೋ, ಯಾರ ಬ್ಯಾಗಿನಲ್ಲಿ ಹೋಗುತ್ತದೆ ಅಂತ ಬರೆಯುತ್ತೇನೆ. ರೂಮಿನವರು ನಗುತ್ತಾರೆ. ನಗಲಿ. ವಿಮಾನ ಇಳಿದ ಮೇಲೆ ಲೆಕ್ಕ ಹಾಕಲು ಕೂತರೆ ಆಗ ಮಾಡಲು ಏನೂ ಉಳಿದಿರುವುದಿಲ್ಲ.

ಮೊದಲು ಮಿತಿ ಎಷ್ಟು ಅನ್ನುವುದು. 2016ರ ಏಪ್ರಿಲ್‌ನಿಂದ ನಡೆದ ಬ್ಯಾಗೇಜ್ ನಿಯಮದಲ್ಲಿ ನಮ್ಮಂಥವರು ತಲೆಗೆ 50,000 ರೂಪಾಯಿ ಬೆಲೆಯ ಹೊಸ ಸಾಮಾನನ್ನು ಸುಂಕವಿಲ್ಲದೆ ತರಬಹುದಿತ್ತು. 2026ರ ಫೆಬ್ರುವರಿ 2ರಿಂದ ಹೊಸ ನಿಯಮ ಬಂದು ಅದು 75,000 ಆಗಿದೆ. ನಾವು ಬಳಸುವ ಬಟ್ಟೆಬರೆ, ಜೇಬಿನಲ್ಲಿರುವ ನಮ್ಮದೇ ಹಳೇ ಫೋನ್ ಈ ಲೆಕ್ಕಕ್ಕೆ ಬರುವುದಿಲ್ಲ. 18 ವರ್ಷ ದಾಟಿದವರು ಒಂದು ಲ್ಯಾಪ್‌ಟಾಪ್ ತಂದರೆ ಅದೂ ಬೇರೆಯೇ. ಹೀಗಾಗಿ ಮಗಳ ಕಾಲೇಜಿಗೆ ಲ್ಯಾಪ್‌ಟಾಪ್ ತಂದಾಗ ನಾನು ಅದನ್ನು ಈ ಮೊತ್ತದಲ್ಲಿ ಸೇರಿಸಲಿಲ್ಲ.

ಜನ ಎಡವುವುದು ಇನ್ನೊಂದು ಕಡೆ. ಗಂಡ ಹೆಂಡತಿ ಜೊತೆಗೆ ಬಂದರೆ ಇಬ್ಬರ ಮಿತಿ ಕೂಡಿಸಿ ಒಂದು ದುಬಾರಿ ಸಾಮಾನು ತರಬಹುದು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಒಬ್ಬರ ಮಿತಿ ಒಬ್ಬರಿಗೆ ಮಾತ್ರ. ನಲವತ್ತು ಸಾವಿರದ ಎರಡು ಸಾಮಾನಿದ್ದರೆ ಇಬ್ಬರೂ ಒಂದೊಂದು ಇಟ್ಟುಕೊಳ್ಳಬಹುದು. ಲಕ್ಷದ ಒಂದೇ ಫೋನನ್ನು ಅರ್ಧ ಮಾಡಲು ಬರುತ್ತದೆಯೇ? ಕೈಗೂಸುಗಳಿಗಂತೂ ಈ ಮಿತಿಯೇ ಇಲ್ಲ, ಅವುಗಳ ಬಟ್ಟೆಬರೆ ಅಷ್ಟೇ.

ಅಳಿಯನ ಫೋನಿನ ಕತೆ ಹೇಳುತ್ತೇನೆ. ಆಗಿನ್ನೂ 50,000ದ ಕಾಲ. ಫೋನಿನ ಬೆಲೆ ನಮ್ಮ ರೂಪಾಯಿಯಲ್ಲಿ 90,000. ಮಿತಿ ಕಳೆದರೆ 40,000 ಹೆಚ್ಚುವರಿ. ಅದರ ಮೇಲೆ ಸುಂಕ 35%, ಆ ಸುಂಕದ ಮೇಲೆ ಮತ್ತೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್. ಎಲ್ಲ ಸೇರಿ 38.5%. ಅಂದರೆ 15,400 ರೂಪಾಯಿ. ಫೋನ್ ಕೊಳ್ಳುವ ಮೊದಲೇ ಅವರಿಗೆ ಫೋನ್ ಮಾಡಿ ಹೇಳಿದೆ: "ನೋಡ್ರಿ, ಇಷ್ಟು ಸುಂಕ ಬೀಳ್ತದ. ಊರಾಗ ಇದೇ ಫೋನ್ ಎಷ್ಟಕ್ಕ ಸಿಗ್ತದ ಕೇಳ್ರಿ." ಅವರಿಗೆ ಬೇಕಾಗಿದ್ದ ಮಾಡೆಲ್ ಆಗ ಬಾಗಲಕೋಟೆಯಲ್ಲಿ ಸಿಗುತ್ತಿರಲಿಲ್ಲ. "ತರ್ರಿ ಮಾವ, ಸುಂಕ ನಾನೇ ಕೊಡ್ತೀನಿ" ಅಂದರು. ಈ ಮಾತು ಮೊದಲೇ ಆಗಿದ್ದರಿಂದ ಆಮೇಲೆ ಮನೆಯಲ್ಲಿ ಮುಖ ಊದಿಸಿಕೊಳ್ಳುವ ಪ್ರಸಂಗ ಬರಲಿಲ್ಲ. ಈಗಿನ 75,000ದ ಲೆಕ್ಕದಲ್ಲಾದರೆ ಅದೇ ಫೋನಿಗೆ ಹೆಚ್ಚುವರಿ ಬರೀ 15,000.

ಇಳಿದ ಮೇಲೆ ನೇರ ರೆಡ್ ಚಾನೆಲ್‌ಗೆ ಹೋದೆ. ನಮ್ಮ ಜನರಿಗೆ ಈ ರೆಡ್ ಅಂದರೆ ಏನೋ ಕಳ್ಳರ ಸಾಲು ಅನ್ನುವ ಹೆದರಿಕೆ. ಉಲ್ಟಾ. ಸುಂಕ ಬೀಳುವ ಸಾಮಾನು ಇದೆ ಅಂತ ತಾನಾಗಿ ಹೇಳುವವರ ಸಾಲು ಅದು. ಏನೂ ಹೇಳದೆ ಗ್ರೀನ್ ಚಾನೆಲ್‌ನಲ್ಲಿ ನಡೆದು, ಸ್ಕ್ಯಾನರ್‌ನಲ್ಲಿ ಸಿಕ್ಕರೆ ಆಗ ಮಾತು ಸುಂಕದಲ್ಲಿ ಮುಗಿಯುವುದಿಲ್ಲ. ದಂಡ, ಸಾಮಾನು ಜಪ್ತಿ, ಎಲ್ಲ ಶುರುವಾಗುತ್ತದೆ.

ಟೇಬಲ್ಲಿನ ಮೇಲೆ ಡಬ್ಬಿ ಇಟ್ಟೆ, ಸೀಲ್ ಒಡೆಯದೆ. ಪಕ್ಕದಲ್ಲಿ ಅಂಗಡಿ ಬಿಲ್, ಪಾಸ್‌ಪೋರ್ಟ್. ಅಧಿಕಾರಿ ಬಿಲ್ ಮೇಲಿನ ದಿರ್ಹಮ್ಮನ್ನು ಕಸ್ಟಮ್ಸ್‌ನವರು ಹೊರಡಿಸುವ ವಿನಿಮಯ ದರದಲ್ಲಿ ರೂಪಾಯಿ ಮಾಡಿದರು. ನಾನು ಗೂಗಲ್ ನೋಡಿ ಬರೆದುಕೊಂಡಿದ್ದ ದರಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ಹಾಗಾಗಿ ಕೈಯಲ್ಲಿ ಸಾವಿರ ರೂಪಾಯಿ ಜಾಸ್ತಿ ಇರಬೇಕು. ದುಡ್ಡು ಕಟ್ಟಿದೆ, ರಸೀದಿ ಕೊಟ್ಟರು, ಹೊರಗೆ ಬಂದೆ. ಅಷ್ಟೇ. ಬಿಲ್ ಇಲ್ಲದಿದ್ದರೆ ಮಾತ್ರ ಬೆಲೆ ಅವರು ಹೇಳಿದ್ದೇ. ರೂಮಿನ ಒಬ್ಬರು ಆಫರಿನಲ್ಲಿ ಕಡಿಮೆಗೆ ತಂದ ವಾಚಿಗೆ ಒಂದು ಕಡೆ ಇಂಟರ್ನೆಟ್ಟಿನ ಪೂರ್ತಿ ಬೆಲೆ ಹಿಡಿದರು. ವಾದ ಮಾಡಲು ಕೈಯಲ್ಲಿ ಚೀಟಿ ಇರಲಿಲ್ಲ. ಸರದಿಯಲ್ಲಿ ಬರೆಯುತ್ತ ನಿಲ್ಲುವುದು ಬೇಡ ಅನ್ನುವವರಿಗೆ ಕಸ್ಟಮ್ಸ್‌ನವರ 'ಅತಿಥಿ' ಆ್ಯಪ್ ಇದೆ. ಹೊರಡುವ ಮೊದಲೇ ಘೋಷಣೆ ತುಂಬಿ ಇಟ್ಟುಕೊಳ್ಳಬಹುದು.

ಇನ್ನೊಂದು ದಾರಿ ಬಹಳ ಜನರಿಗೆ ಗೊತ್ತಿಲ್ಲ. ಸುಂಕ ಕಟ್ಟಲು ಮನಸ್ಸಿಲ್ಲ, ಸಾಮಾನು ಕಳೆದುಕೊಳ್ಳಲೂ ಮನಸ್ಸಿಲ್ಲ ಅಂದರೆ, ಸರಿಯಾಗಿ ಘೋಷಣೆ ಮಾಡಿದ ಮೇಲೆ ಅದನ್ನು ಅಲ್ಲೇ ಅವರ ವಶಕ್ಕೆ ಬಿಟ್ಟು ರಸೀದಿ ಪಡೆಯಬಹುದು. ವಾಪಸ್ ವಿದೇಶಕ್ಕೆ ಹೊರಡುವಾಗ ತೆಗೆದುಕೊಂಡು ಹೋಗಬಹುದು. 1962ರ ಕಸ್ಟಮ್ಸ್ ಕಾಯ್ದೆಯ 80ನೇ ಕಲಂ ಇದಕ್ಕೇ ಇದೆ. ಇಂಡಿ ಕಡೆಯ ನಮ್ಮ ಗೆಳೆಯರೊಬ್ಬರು ಒಂದು ಕ್ಯಾಮೆರಾ ಹೀಗೆ ಬಿಟ್ಟು, ರಜೆ ಮುಗಿಸಿ ಹೋಗುವಾಗ ತೆಗೆದುಕೊಂಡರು. ಬಂದ ವಿಮಾನ ನಿಲ್ದಾಣದಿಂದಲೇ ಮರಳುವ ಟಿಕೆಟ್ ಇದ್ದರೆ ಇದು ಸಲೀಸು.

ಈಗ ಬಂಗಾರ. ನಮ್ಮ ಕಡೆ ದುಬೈ ಅಂದರೆ ಬಂಗಾರ ಅಲ್ವಾ! ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದು ಬರುವವರಿಗೆ ಆಭರಣದ ಮಿತಿ ಬೇರೆ: ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ. ಕೇಳಲು ಚೆಂದ. ಆದರೆ 2016ರ ನಿಯಮದಲ್ಲಿ ಪಕ್ಕದಲ್ಲೇ ಬೆಲೆಯ ಮಿತಿಯೂ ಇತ್ತು, ಹೆಂಗಸರಿಗೆ ಒಂದು ಲಕ್ಷ, ಗಂಡಸರಿಗೆ 50,000. ಆ ನಿಯಮ ಬರೆದಾಗ ಗ್ರಾಂ ಬಂಗಾರ ಮೂರು ಸಾವಿರದ ಆಸುಪಾಸು ಇತ್ತು, ಲಕ್ಷಕ್ಕೆ ಮೂವತ್ತು ಗ್ರಾಂ ದಾಟುತ್ತಿತ್ತು. ದರ ಹತ್ತು ಸಾವಿರ ದಾಟಿದ ಮೇಲೆ ಅದೇ ಲಕ್ಷಕ್ಕೆ ಹತ್ತು ಗ್ರಾಂ ಕೂಡ ಬರಲಿಲ್ಲ. ಕಾಗದದ ಮೇಲೆ ನಲವತ್ತು, ಕೈಯಲ್ಲಿ ಹತ್ತು! ಇಷ್ಟು ವರ್ಷ ಈ ಬೆಲೆ ಮಿತಿ ಹಾಗೇ ಬಿಟ್ಟಿದ್ದು ನನ್ನ ಮಟ್ಟಿಗೆ ಅನ್ಯಾಯವೇ. ಹೊಸ ನಿಯಮದಲ್ಲಿ ಅದನ್ನು ತೆಗೆದಿದ್ದಾರೆ, ಈಗ ತೂಕ ಮಾತ್ರ ನೋಡುತ್ತಾರೆ.

ತೂಕದಲ್ಲೂ ಒಂದು ತಕರಾರಿದೆ. ನಮ್ಮ ಕಡೆಯ ಸರಾಫರ ತೊಲ ಅಂದರೆ 10 ಗ್ರಾಂ. ದುಬೈಯಲ್ಲಿ ತೊಲ ಅಂದರೆ 11.66 ಗ್ರಾಂ. ಅವ್ವ ಫೋನಿನಲ್ಲಿ "ನಾಲ್ಕು ತೊಲಿ ಬೋರಮಾಳ ತಗೋ" ಅಂದಾಗ ಅವಳ ಲೆಕ್ಕ 40 ಗ್ರಾಂ. ದುಬೈಯ ಡೇರಾದ ಅಂಗಡಿಯಲ್ಲಿ ನಾಲ್ಕು ತೊಲ ಅಂತ ಕೇಳಿದರೆ 46 ಗ್ರಾಂ ದಾಟುತ್ತದೆ. ಅದಕ್ಕೇ ಅಂಗಡಿಯಲ್ಲಿ ನಾನು ಗ್ರಾಮಿನಲ್ಲೇ ಮಾತಾಡುತ್ತೇನೆ, ಬಿಲ್ಲಿನಲ್ಲೂ ಗ್ರಾಂ, ಕ್ಯಾರೆಟ್ ಬರೆಸುತ್ತೇನೆ. ಮತ್ತೆ, ಈ ವಿನಾಯಿತಿ ಆಭರಣಕ್ಕೆ ಮಾತ್ರ. ನಾಣ್ಯ, ಬಿಸ್ಕತ್ತಿಗೆ ಇಲ್ಲ. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಗಂಡನ ಹತ್ತಿರ ಬಂದು ಹೋಗುವ ಹೆಂಡತಿಗೂ ಇಲ್ಲ.

ಹಾಗೆ ಬಂದು ಹೋಗುವಾಗ ನನ್ನ ಹೆಂಡತಿಯ ಕೈಯಲ್ಲಿ ಮದುವೆಯ ಪಾಟ್ಲಿ, ಬಿಲ್ವಾರ ಇದ್ದವು. ಅವು ಊರಿನವೇ ಅಂತ ವಾಪಸ್ ಬರುವಾಗ ಹೇಳುವುದು ಹೇಗೆ? ಭಾರತದಿಂದ ಹೊರಡುವಾಗಲೇ ಕಸ್ಟಮ್ಸ್ ಕೌಂಟರ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿದ್ದೆವು. ಸರಾಫರ ಹತ್ತಿರ ಹೋಗಿ ತೂಕ, ವಿವರ ಬರೆಸಿಕೊಂಡಿದ್ದೆವು, ಒಡವೆಯ ಫೋಟೋ ಇಟ್ಟಿದ್ದೆವು. ಅಧಿಕಾರಿ ಒಡವೆ ನೋಡಿ ಸರ್ಟಿಫಿಕೇಟ್ ಕೊಟ್ಟರು. ವಿಮಾನಕ್ಕೆ ಒಂದು ಗಂಟೆ ಮುಂಚೆ ಓಡಿ ಹೋಗಿ ಇದನ್ನು ಮಾಡಿಸಲು ಆಗುವುದಿಲ್ಲ. ಬೇಗ ಹೋಗಬೇಕು.

ಟಿವಿ ಬಗ್ಗೆ ಉದ್ದ ಮಾತು ಬೇಡ. 2013ರ ಆಗಸ್ಟ್‌ನಲ್ಲೇ ಟಿವಿಯನ್ನು ಉಚಿತ ಮಿತಿಯಿಂದ ತೆಗೆದರು. ಪೂರ್ತಿ ಬೆಲೆಗೆ ಸುಂಕ ಬೀಳುತ್ತದೆ, ದಾರಿಯಲ್ಲಿ ಒಡೆಯುವ ಭಯ ಬೇರೆ. ಬಾಗಲಕೋಟೆಯ ಅಂಗಡಿಯಲ್ಲೇ ತೆಗೆದುಕೊಳ್ಳಿ. ಅಣ್ಣನ ಮಗನ ಡ್ರೋನ್ ತರಲಿಲ್ಲ. 2022ರ ಫೆಬ್ರುವರಿಯಿಂದ ವಿದೇಶಿ ಡ್ರೋನ್ ಆಮದಿಗೇ ನಿಷೇಧ, ಸುಂಕ ಕಟ್ಟಿದರೂ ಬಿಡುವುದಿಲ್ಲ. ಇ-ಸಿಗರೇಟಿಗೂ 2019ರಿಂದ ಅದೇ ಗತಿ. ಮಾಮೂಲಿ ಸಿಗರೇಟು 100 ತರಬಹುದು. ಆದರೆ ಡ್ಯೂಟಿ ಫ್ರೀ ಅಂಗಡಿಯ ಕಾರ್ಟನ್‌ನಲ್ಲಿ ಇರುವುದು 200. ಒಂದೇ ಕಾರ್ಟನ್ ತಾನೇ ಅಂತ ಸುಮ್ನೆ ಕೈಯಲ್ಲಿ ಹಿಡಿದುಕೊಂಡು ಬಂದವರು ಮಿತಿಯ ಎರಡು ಪಟ್ಟು ಹಿಡಿದಿರುತ್ತಾರೆ.

ಮದ್ಯಕ್ಕೆ 2 ಲೀಟರ್. ನಾನು ಗೋವಾದಲ್ಲಿ ಇಳಿದು ಚೋರ್ಲಾ ಘಾಟಿನ ಮೇಲೆ ಬೆಳಗಾವಿಗೆ ಬಂದು ಅಲ್ಲಿಂದ ಬಾಗಲಕೋಟೆಗೆ ಹೋಗುವವನು. ಆ ದಾರಿಯಲ್ಲಿ ಕಣಕುಂಬಿಯ ಹತ್ತಿರ ಚೆಕ್‌ಪೋಸ್ಟ್ ಇದೆ. ಕಸ್ಟಮ್ಸ್ ದಾಟಿದ ಬಾಟಲಿ ಅಬಕಾರಿಯವರ ಮುಂದೆ ಮತ್ತೆ ನಿಲ್ಲಬೇಕು. ಗೆಳೆಯರು ಏನೇ ಕೇಳಿದರೂ ಆ ತಲೆನೋವನ್ನು ನಾನು ಕಟ್ಟಿಕೊಳ್ಳುವುದಿಲ್ಲ.

ಊರಿಂದ ವಾಪಸ್ ಹೋಗುವಾಗಲೂ ನೋಟ್‌ಬುಕ್ ತೆರೆಯುತ್ತದೆ. ಯುಎಇ ಕಡೆ ಉಡುಗೊರೆ ಸಾಮಾನಿಗೆ 3,000 ದಿರ್ಹಮ್‌ವರೆಗೆ ಸುಂಕವಿಲ್ಲ. ಇಳಕಲ್ ಸೀರೆ, ಕಟಕ ರೊಟ್ಟಿ, ಶೇಂಗಾ ಹಿಂಡಿಯ ಬೆಲೆ ಅಷ್ಟು ಮುಟ್ಟುವುದೇ ಇಲ್ಲ. ನೋಡಬೇಕಾದದ್ದು ಕರದಂಟು. ಕರದಂಟಿಗೆ ಗಸಗಸೆ ಹಾಕುವ ರೂಢಿ ಇದೆ. ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ, ಒಂದು ಚಿಟಿಕೆಯೂ ನಡೆಯುವುದಿಲ್ಲ, ಅಲ್ಲಿ ಇದಕ್ಕೆ ಜೈಲು ನೋಡಬೇಕಾದೀತು. ಎಲೆ ಅಡಿಕೆಯ ಪಾನಿಗೂ ಅಲ್ಲಿ ನಿಷೇಧವಿದೆ. ಅಮೀನಗಡದ ಅಂಗಡಿಯಲ್ಲಿ ಒಂದು ವಾರ ಮೊದಲೇ ಹೇಳಿ ಗಸಗಸೆ ಹಾಕದ ಕರದಂಟು ಬೇರೆ ಮಾಡಿಸುತ್ತೇನೆ. ಅಂಗಡಿಯ ಕಾಕಾ ಪ್ರತಿ ಸಲ ಅದನ್ನೇ ಕೇಳುತ್ತಾರೆ: "ಗಸಗಸೆ ಇಲ್ಲದ ಕರದಂಟು ಯಾರ್ ತಿಂತಾರ್ರೀ?" ನಾವೇ ತಿನ್ನುತ್ತೇವೆ ಅಂತ ಹೇಳಿ, ಹೊಸ ಪಾತ್ರೆಯಲ್ಲಿ ಮಾಡಿಸಿ, ಡಬ್ಬಿ ನನ್ನೆದುರೇ ಪ್ಯಾಕ್ ಮಾಡಿಸಿಕೊಳ್ಳುತ್ತೇನೆ.

ಔಷಧದ್ದೂ ಹೀಗೇ. ಬಿಪಿ ಮಾತ್ರೆಗೆ ಡಾಕ್ಟರ ಚೀಟಿ ಜೊತೆಗಿರಬೇಕು, ಮಾತ್ರೆ ಅದರ ಸ್ವಂತ ಸ್ಟ್ರಿಪ್‌ನಲ್ಲೇ ಇರಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ಇರುವ ನೋವಿನ ಮಾತ್ರೆಗೆ ಅಲ್ಲಿನ ಆರೋಗ್ಯ ಇಲಾಖೆಯ ಒಪ್ಪಿಗೆ ಮೊದಲೇ ಬೇಕು. ಪಕ್ಕದ ಮನೆಯವರು "ನಮ್ಮ ಹುಡುಗನಿಗೆ ಇಷ್ಟು ಕೊಟ್ಟುಬಿಡ್ರಿ" ಅಂತ ಕಟ್ಟಿ ಕೊಡುವ ಪೊಟ್ಟಣವನ್ನು ನಾನು ಅವರ ಎದುರೇ ಬಿಚ್ಚುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಬಿಚ್ಚಲು ಬಿಡದಿದ್ದರೆ ಪೊಟ್ಟಣ ಅಲ್ಲೇ ಉಳಿಯುತ್ತದೆ.