ಟ್ಯಾಂಕ್ ತುಂಬಿದ್ದೇ ಕಾಯಿಲೆ ಅಂದುಕೊಂಡಿದ್ದೆ

ಮೊದಲು ಸುಳಿವು ಕೊಟ್ಟಿದ್ದು ಸದ್ದು. ಕಮೋಡ್ ಫ್ಲಶ್ ಮಾಡಿದರೆ ಪಕ್ಕದ ಬಚ್ಚಲಿನ ಜಾಲರಿಯೊಳಗೆ ಗುಳುಗುಳು ಅನ್ನುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಸ್ನಾನದ ನೀರು ಕಾಲಡಿಯಲ್ಲೇ ನಿಲ್ಲತೊಡಗಿತು. ಆಮೇಲೆ ವಾಸನೆ ಶುರುವಾಯಿತು. ಅಮ್ಮ ಮೂಗು ಮುಚ್ಚಿಕೊಂಡೇ ಬಚ್ಚಲಿಗೆ ಹೋಗುವ ಸ್ಥಿತಿ ಬಂತು.

ಯಾರನ್ನು ಕೇಳಿದರೂ ಒಂದೇ ಉತ್ತರ: ಸೆಪ್ಟಿಕ್ ಟ್ಯಾಂಕ್ ತುಂಬಿದೆ, ಖಾಲಿ ಮಾಡಿಸು. ಸಕ್ಕಿಂಗ್ ಗಾಡಿ ಕರೆಸಿದೆ. ಎಲ್ಲ ಸರಿಹೋಯಿತು. ಒಂಬತ್ತನೇ ದಿನ ಮತ್ತೆ ಅದೇ ಗುಳುಗುಳು.

ಆವತ್ತು ಕೂತು ಲೆಕ್ಕ ಹಾಕಿದೆ. ನಮ್ಮ ಟ್ಯಾಂಕ್ ಹಿಡಿಯುವುದು ಸುಮಾರು 3000 ಲೀಟರ್. ಮನೆಯಿಂದ ದಿನಕ್ಕೆ 500 ಲೀಟರ್ ನೀರು ಹೋದರೆ ಆರೇ ದಿನಕ್ಕೆ ಅದು ತುಂಬಲೇಬೇಕು. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುತ್ತೆ, ಅದು ಕೆಲಸ ಮಾಡುವುದೇ ಹಾಗೆ. ಭಾರದ ಕೆಸರು ತಳ ಸೇರುತ್ತೆ, ಜಿಡ್ಡು ಮೇಲೆ ಕೆನೆಗಟ್ಟುತ್ತೆ, ನಡುವಿನ ನೀರು ಹೊರಗಿನ ಪೈಪ್ ಹಿಡಿದು ಇಂಗುಗುಂಡಿಗೆ ಹೋಗುತ್ತೆ. ಒಳಗೆ ಎಷ್ಟು ಬರುತ್ತೋ ಅಷ್ಟೇ ಹೊರಗೆ ಹೋಗಬೇಕು. ಅಂದರೆ ನಾನು ದುಡ್ಡು ಕೊಟ್ಟು ಕೊಂಡಿದ್ದು ಒಂದು ವಾರದ ಬಿಡುವು ಅಷ್ಟೇ.

ಹಾಗಾಗಿ ಈ ಸಲ ಗಾಡಿಗೆ ಫೋನ್ ಮಾಡುವ ಮೊದಲು ನಾನೇ ನೋಡಲು ಶುರುಮಾಡಿದೆ. ಒಂದೇ ಬಚ್ಚಲು ಕಟ್ಟಿಕೊಂಡಿದ್ದರೆ ದೋಷ ಅಲ್ಲೇ ಇರುತ್ತೆ. ನಮ್ಮಲ್ಲಿ ಸಿಂಕೂ ನಿಧಾನ, ಬಚ್ಚಲೂ ನಿಧಾನ. ಎಲ್ಲವೂ ಸೇರುವ ಜಾಗದಿಂದ ಮುಂದೆಯೇ ತೊಂದರೆ ಅಂತ ಅರ್ಥ. ಮನೆಗೂ ಟ್ಯಾಂಕಿಗೂ ನಡುವಿನ ಚೇಂಬರಿನ ಮುಚ್ಚಳ ಎತ್ತಿದೆ. ಅದು ಖಾಲಿ ಇದ್ದಿದ್ದರೆ ಮನೆ ಕಡೆಯ ಪೈಪ್ ಕಟ್ಟಿದೆ ಅನ್ನಬಹುದಿತ್ತು. ಆದರೆ ಕಪ್ಪು ನೀರು ಅಂಚಿನವರೆಗೂ ನಿಂತಿತ್ತು. ಮುಂದಕ್ಕೆ ಹೋಗಬೇಕು.

ಟ್ಯಾಂಕಿನ ಮುಚ್ಚಳ ತೆಗೆಯುವಾಗ ಒಬ್ಬನೇ ಇರಲಿಲ್ಲ. ತಮ್ಮ ಪಕ್ಕದಲ್ಲೇ ನಿಂತಿದ್ದ. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿಕೊಂಡು, ಮುಖ ದೂರ ಇಟ್ಟುಕೊಂಡು, ಟಾರ್ಚ್ ಬೆಳಕು ಬಿಟ್ಟು ನೋಡಿದೆವು. ಬೆಂಕಿಕಡ್ಡಿ, ಬೀಡಿ ಹತ್ತಿರ ತರಲೇಬಾರದು, ಒಳಗೆ ಮೀಥೇನ್ ಇರುತ್ತೆ. ಇನ್ನೂ ಭಯಂಕರ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಜಾಸ್ತಿ ಇದ್ದಾಗ ಅದು ಮೂಗನ್ನೇ ಮರಗಟ್ಟಿಸುತ್ತೆ, ವಾಸನೆ ಹೋಯಿತು ಅನ್ನಿಸುತ್ತೆ. ಅಷ್ಟರಲ್ಲಿ ಮನುಷ್ಯ ಕುಸಿದಿರುತ್ತಾನೆ. ಖಾಲಿ ಟ್ಯಾಂಕಿಗೂ ಇಳಿಯಬಾರದು, ತಲೆಯನ್ನೂ ಒಳಗೆ ಬಗ್ಗಿಸಬಾರದು. ಮುಚ್ಚಳ ಎಷ್ಟು ಹೊತ್ತು ತೆರೆದಿಟ್ಟರೂ ಅಷ್ಟೇ. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಟ್ಯಾಂಕಿನ ನೀರಿನ ಮಟ್ಟ ಹೊರಹೋಗುವ ಪೈಪಿನ ಅಡಿಗೆ ಸರಿಯಾಗಿ ನಿಲ್ಲಬೇಕು. ನಮ್ಮಲ್ಲಿ ಪೈಪೇ ಕಾಣಿಸದಂತೆ ಒಂದು ಗೇಣು ಮೇಲೆ ನಿಂತಿತ್ತು. ಅಂದರೆ ಟ್ಯಾಂಕಿನ ಆಚೆ ತಡೆ. ಆಚೆಯ ಚಿಕ್ಕ ಚೇಂಬರ್ ತೆಗೆದಾಗ ನಿಜವಾದ ಸುಳಿವು ಸಿಕ್ಕಿತು. ಅಲ್ಲಿ ಇರಬೇಕಾದದ್ದು ಬರೀ ಕಲಗಚ್ಚಿನಂಥ ನೀರು. ಕೋಲಿಗೆ ಬಂದಿದ್ದು ಕೂದಲು ಸುತ್ತಿದ, ಮೇಣದಂತೆ ಗಟ್ಟಿಯಾದ ಜಿಡ್ಡಿನ ಉಂಡೆಗಳು. ಕೆನೆ ಪದರ ಹೊರಗೆ ಬರದಂತೆ ತಡೆಯುವುದು ಟ್ಯಾಂಕಿನೊಳಗೆ ಪೈಪಿನ ಬಾಯಿಗೆ ಕೂರಿಸಿದ ಟೀ, ಅಂದರೆ 'T' ಆಕಾರದ ಪೈಪ್ ತುಂಡು. ಅದು ಮುರಿದಿರಬೇಕು ಅಂತ ಆಗಲೇ ಅನ್ನಿಸಿತು.

ಎರಡನೇ ಸಲ ಗಾಡಿ ಕರೆಸಿದ್ದು ನೋಡುವುದಕ್ಕೆ. ನೀರಿನ ಮಟ್ಟ ಇಳಿದಾಗ ಟಾರ್ಚಿನ ಬೆಳಕಿನಲ್ಲಿ ಗೋಡೆಯಿಂದ ನಾಲ್ಕು ಬೆರಳು ಚಾಚಿದ ಪೈಪ್ ಕಾಣಿಸಿತು. ಟೀ ಇರಲೇ ಇಲ್ಲ. ಅಷ್ಟರಲ್ಲಿ ಗಾಡಿಯವರು ಕೂಗಿದರು: "ಸಾರ್, ನೀರು ವಾಪಸ್ ಬರ್ತಿದೆ ನೋಡಿ!" ಇಂಗುಗುಂಡಿ ಕಡೆಯಿಂದ ಆ ಪೈಪಿನಲ್ಲಿ ನೀರು ಹಿಂದಕ್ಕೆ ಸುರಿಯುತ್ತಿತ್ತು. ಆ ಗುಂಡಿ ತುಂಬಿ ನಿಂತಿದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಕಾ? ಜಿಡ್ಡು ಹೋಗಿ ಹೋಗಿ ಅದರ ಸುತ್ತಲಿನ ಮಣ್ಣಿನ ಕಣ್ಣು ಮುಚ್ಚಿತ್ತು.

ಇನ್ನೊಂದು ಅನುಮಾನ ಉಳಿದಿತ್ತು. ನಾವು ಬಳಸುವುದಕ್ಕಿಂತ ಜಾಸ್ತಿ ನೀರು ಹೋಗುತ್ತಿದೆಯಾ? ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಯಾರೂ ಮುಟ್ಟದಂತೆ ಬಿಟ್ಟೆವು. ಕಮೋಡಿನ ನೀರು ಕೆಂಪಾಯಿತು. ಒಳಗೆ ಬರುವ ನೀರಿನ ವಾಲ್ವ್ ಮುಚ್ಚಿ ಅಳೆದಾಗ ಅರ್ಧ ಗಂಟೆಗೆ 3 ಲೀಟರ್ ಸೋರಿತ್ತು. ದಿನಕ್ಕೆ 144 ಲೀಟರ್, ಸದ್ದೇ ಇಲ್ಲದೆ! ತಳದ ರಬ್ಬರ್ ವಾಷರ್ ಬದಲಿಸಲು ಹಿಡಿದದ್ದು ಹತ್ತು ನಿಮಿಷ.

ಟೀ ಕೂರಿಸುವ ಕೆಲಸಕ್ಕೆ ಬಹಳ ಯೋಚನೆ ಮಾಡಿದೆ. ಒಳಗೆ ಇಳಿಯುವ ಮಾತೇ ಇಲ್ಲ. ಪುಣ್ಯಕ್ಕೆ ಒಂದು ಮುಚ್ಚಳ ಸರಿಯಾಗಿ ಆ ಪೈಪಿನ ಮೇಲೆಯೇ ಇತ್ತು. ಅಂಟು ಬೇಡದ, ರಬ್ಬರ್ ರಿಂಗ್ ಇರುವ ಟೀ ತಂದೆ. ನೀರಿನ ಆಳ ಒಂದೂವರೆ ಮೀಟರ್, ಕೆಳಕ್ಕೆ 50 ಸೆಂಟಿಮೀಟರ್ ಮುಳುಗುವಷ್ಟು ಪೈಪ್ ಜೋಡಿಸಿದೆ. ಮೇಲ್ಬಾಯಿಗೆ ಉದ್ದನೆಯ ಪೈಪ್ ಹಾಕಿ ಅದನ್ನೇ ಹಿಡಿ ಮಾಡಿಕೊಂಡೆ. ರಿಂಗಿಗೆ ಸೋಪಿನ ನೀರು ಸವರಿ, ಹೊರಗೆ ನಿಂತೇ ಇಳಿಸಿ, ಚಾಚಿದ ಪೈಪಿಗೆ ಎದುರು ಹಿಡಿದು ಒತ್ತಿದೆ. ಮೂರು ಸಲ ಜಾರಿತು. ನಾಲ್ಕನೇ ಸಲ 'ಟಪ್' ಅಂತ ಕೂತಿದ್ದು ಕೈಗೇ ಗೊತ್ತಾಯಿತು. ಗಾಳಿ ಆಡಲಿ ಅಂತ ಮೇಲ್ಬಾಯಿ ತೆರೆದೇ ಇದೆ.

ಹಳೆ ಗುಂಡಿಗೆ ಆಸಿಡ್ ಸುರಿ ಅಂದವರಿದ್ದಾರೆ. ಆಸಿಡ್ ಸುರಿದರೆ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಸಾಯುತ್ತೆ, ವಿಷದ ಗಾಳಿಯೂ ಏಳಬಹುದು. ನಾನು ಸುರಿಯಲಿಲ್ಲ. ಅದನ್ನು ಖಾಲಿ ಮಾಡಿಸಿ, ಭದ್ರವಾಗಿ ಮುಚ್ಚಿ, ವಿಶ್ರಾಂತಿಗೆ ಬಿಟ್ಟೆ. ನೀರು ಬರುವುದು ನಿಂತರೆ ಮಣ್ಣಿಗೆ ಅಂಟಿದ ಲೋಳೆ ನಿಧಾನವಾಗಿ ಒಣಗಿ ಕೊಳೆಯುತ್ತೆ.

ಬದಲಿಗೆ ಬಾವಿಯಿಂದ 30 ಮೀಟರಿಗೂ ದೂರದಲ್ಲಿ ಎರಡು ಇಂಗುಚರಂಡಿ ತೋಡಿಸಿದೆ. ಮೊದಲು ಅಲ್ಲಿ ಒಂದು ಸಣ್ಣ ಗುಣಿ ತೆಗೆದು, ಇಡೀ ರಾತ್ರಿ ನೀರು ಕುಡಿಸಿ, ಮರುದಿನ ಅಳೆದೆ. ಒಂದು ಇಂಚು ನೀರು ಇಂಗಲು 12 ನಿಮಿಷ ಹಿಡಿಯಿತು. ಮಣ್ಣು ಚೆನ್ನಾಗಿದೆ ಅಂತ ಧೈರ್ಯ ಬಂತು. ಅಗೆಯುವಾಗ ಗಮನಿಸಿದ ಒಂದು ವಿಷಯ ಹೇಳಬೇಕು. ಹಾರೆ, ಗುದ್ದಲಿ ಸವರಿದ ಕಡೆ ಹಸಿ ಮಣ್ಣು ಗಾರೆ ಮಾಡಿದಂತೆ ನುಣ್ಣಗಾಗಿತ್ತು. ಹಾಗೇ ಬಿಟ್ಟಿದ್ದರೆ ನೀರು ಇಳಿಯುವುದು ಹೇಗೆ? ಕಬ್ಬಿಣದ ಹಲ್ಲಿನ ಕುಂಟೆಯಿಂದ ಗೋಡೆ, ತಳ ಎಲ್ಲ ಕೆರೆದು ಒರಟು ಮಾಡಿದೆವು. ಆಮೇಲೆ ತೊಳೆದ ಜಲ್ಲಿ, ಅದರ ಮೇಲೆ ತೂತಿನ ಪೈಪ್, ಮತ್ತೆ ಜಲ್ಲಿ, ಮಣ್ಣು ಇಳಿಯದಂತೆ ಬಟ್ಟೆ, ಕೊನೆಗೆ ಮಣ್ಣು. ಟ್ಯಾಂಕಿನಿಂದ ಅಲ್ಲಿಗೆ ಹೋಗುವ ನಾಲ್ಕಿಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಕೊಟ್ಟೆ. ಮೇಲೆ ಹುಲ್ಲು ಮಾತ್ರ ಬೆಳೆಸಿದ್ದೇವೆ, ಮರದ ಬೇರು ಪೈಪ್ ಹುಡುಕಿಕೊಂಡು ಬರುತ್ತೆ.

ಒಂದು ವರ್ಷ ಆಯಿತು. ಮೊನ್ನೆ ಉದ್ದನೆಯ ಕೋಲಿಗೆ ಬಿಳಿ ಟವೆಲ್ ಸುತ್ತಿ ಟ್ಯಾಂಕಿನ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಹಿಡಿದು, ಎತ್ತಿ ನೋಡಿದೆ. ಕಪ್ಪು ಕೆಸರಿನ ಗುರುತು 20 ಸೆಂಟಿಮೀಟರ್. ಕೆಸರು, ಕೆನೆ ಎರಡೂ ಸೇರಿ ನೀರಿನ ಆಳದ ಮೂರನೇ ಒಂದು ಭಾಗ ಮುಟ್ಟಿದಾಗ ಗಾಡಿ ಕರೆಸಬೇಕು. ನೀರು ಪೈಪಿನ ಅಡಿಗೆ ಸರಿಯಾಗಿ ನಿಂತಿತ್ತು. ಗುರುತನ್ನು ತಾರೀಖಿನ ಸಮೇತ ಮುಚ್ಚಳದ ಒಳಬದಿಯಲ್ಲಿ ಪೇಂಟಿನಿಂದ ಬರೆದು ಮುಚ್ಚಿದೆ.