ಮೊದಲು ರಜೆ ಮಂಜೂರು, ಆಮೇಲೆ ಟಿಕೆಟ್
ವಸಂತನರಸಾಪುರ, ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಕೆಲಸದಲ್ಲಿರುವವರು ಪ್ರವಾಸದ ರಜೆ ಅರ್ಜಿಯನ್ನು 75 ದಿನ ಮೊದಲೇ ಹಾಕಿ. ರೈಲು ಬುಕಿಂಗ್ ತೆರೆಯುವುದು 60 ದಿನ ಮೊದಲು. ಅಷ್ಟರೊಳಗೆ ಮಂಜೂರಾದರೆ ಮೊದಲ ದಿನವೇ ಸೀಟು ಹಿಡಿಯಬಹುದು. ಅರ್ಜಿಯಲ್ಲೇ ಬರೆಯಿರಿ: ನಿಮ್ಮ ಶಿಫ್ಟ್ ನೋಡಿಕೊಳ್ಳಲು ಯಾರು ಒಪ್ಪಿದ್ದಾರೆ, ಈ ತಾರೀಖು ಆಗದಿದ್ದರೆ ಇನ್ಯಾವುದು. ಬದಲಿ ಜನ ಇಲ್ಲ ಅನ್ನುವ ಕಾರಣಕ್ಕೂ ಅರ್ಜಿಗಳು ವಾಪಸ್ ಬರುತ್ತವೆ. ‘ಹೋಗ್ಬನ್ನಿ, ನೋಡೋಣ’ ಅನ್ನುವ ಬಾಯಿಮಾತು ನಂಬಿ ಟಿಕೆಟ್‌ಗೆ ದುಡ್ಡು ಕಟ್ಟಲೇಬೇಡಿ. ಕಂಪನಿಯ ರಜೆ ಪೋರ್ಟಲ್‌ನಲ್ಲಿ ಮಂಜೂರು ಅಂತ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ನಡುವೆ ಸೂಪರ್‌ವೈಸರ್ ಬದಲಾದರೆ ಅದೇ ಆಧಾರ. ಮಾರ್ಚ್ ಕೊನೆಯ ಸ್ಟಾಕ್ ಎಣಿಕೆ ಹೊತ್ತಿನಲ್ಲಿ, ಆಯುಧಪೂಜೆಯ ವಾರದಲ್ಲಿ ಇಷ್ಟೆಲ್ಲ ಮಾಡಿದರೂ ರಜೆ ಸಿಗುವುದು ಕಷ್ಟ, ಹಬ್ಬಕ್ಕಂತೂ ಇಡೀ ಲೈನೇ ರಜೆ ಕೇಳಿರುತ್ತದೆ. ರಜೆ ಬಾಕಿ ಸಾಲದಿದ್ದರೆ ಸಂಬಳವೂ ಕಟ್ ಆಗುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ.