ಆಯಾ ಸಂಬಳದ ಮಾತು ಪುತ್ತರಿಗೆ ಮೊದಲೇ ಮುಗಿಯಲಿ

ಮಗು ನೋಡಿಕೊಳ್ಳುವವರ ಸಂಬಳದ ಮಾತನ್ನು ಜನವರಿಗೆ ಮುಂದೂಡಬೇಡಿ. ಅಷ್ಟರಲ್ಲಿ ರೊಬಸ್ಟಾ ಕಾಫಿ ಹಣ್ಣಾಗಿರುತ್ತದೆ. ಕೊಯ್ಲಿಗೆ ಕಿಲೋ ಲೆಕ್ಕದ ಕೂಲಿ, ಕೈ ಚುರುಕಾಗಿದ್ದವರಿಗೆ ದಿನಗೂಲಿಗಿಂತ ಹೆಚ್ಚು ಹುಟ್ಟುತ್ತದೆ. ಮೇಲಾಗಿ ಕೆಲವು ತೋಟಗಳಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಯೂ ಸಿಗುತ್ತದೆ. ಆಗ ಚೌಕಾಸಿಗೆ ಕುಳಿತರೆ ಪಕ್ಕದ ತೋಟದಲ್ಲಿ ಕೆಲಸಗಾರರ ಲೆಕ್ಕ ನೋಡುವ ರೈಟರ್ ಜೊತೆಗೆ ಪೈಪೋಟಿಗೆ ಇಳಿದಂತೆಯೇ. ಕೊಡಗಿನ ವಿರಾಜಪೇಟೆಯ ನಮ್ಮ ಮನೆಯಲ್ಲಿ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದ ಮೇಲೆ, ಸುಗ್ಗಿಹಬ್ಬವಾದ ಪುತ್ತರಿಗೆ ಮೊದಲು ಈ ಮಾತು ಮುಗಿಯುತ್ತದೆ.

ಮೊದಲು ಹಾಳೆಯೊಂದರಲ್ಲಿ ಕಳೆದ ವರ್ಷದ ಕೆಲಸ ಒಂದು ಕಡೆ, ಈ ವರ್ಷದ್ದು ಇನ್ನೊಂದು ಕಡೆ ಬರೆದುಕೊಳ್ಳಿ. ನನ್ನ ಮಗಳು ಹೋದ ವರ್ಷ ತಿಂದು ಮಲಗುತ್ತಿದ್ದಳು. ಈಗ ಕಾಫಿ ಗಿಡಗಳ ನಡುವೆ ಓಡಿ ಕಾಲಿಗೆ ಜಿಗಣೆ ಹತ್ತಿಸಿಕೊಂಡು ಬರುತ್ತಾಳೆ. ಅಂಗನವಾಡಿಗೆ ಬಿಡಬೇಕು, ಕರೆತರಬೇಕು. ಬೆಲೆಯೇರಿಕೆಗೆ ಕೊಡುವ ಹೆಚ್ಚಳವೇ ಬೇರೆ, ಹೆಚ್ಚಾದ ಕೆಲಸಕ್ಕೆ ಕೊಡುವುದೇ ಬೇರೆ. ಈ ಸಲ ಬೆಲೆಯೇರಿಕೆಗೆಂದು ನೂರಕ್ಕೆ ಏಳು, ಅಂಗನವಾಡಿ ಓಡಾಟಕ್ಕೆ ತಿಂಗಳಿಗೆ 800 ರೂಪಾಯಿ ಎಂದೆ. ಆಯಾ 1,200 ಕೇಳಿದರು. 1,000ಕ್ಕೆ ಒಪ್ಪಿ, ಜೊತೆಗೆ ಹಬ್ಬಕ್ಕೆ ಎರಡು ದಿನ ಸಂಬಳಸಹಿತ ರಜೆ ಕೊಟ್ಟೆ.

ಕರ್ನಾಟಕದಲ್ಲಿ ಮನೆಗೆಲಸಕ್ಕೂ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡಿದೆ. ಮಗು ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ. ಅದರ ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಕಾರ್ಮಿಕ ಇಲಾಖೆಯಲ್ಲಿ ಆ ದರ ಕೇಳಿಕೊಳ್ಳಿ. ನಿಮ್ಮ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಚೌಕಾಸಿಯ ಮಾತೇ ಬೇಡ, ಮೊದಲು ಅಲ್ಲಿಗೆ ಏರಿಸಿ.

“ಮನೆಯವಳಂತೆ ನೋಡಿಕೊಂಡಿದ್ದೇವೆ” ಎಂಬುದನ್ನು ಸಂಬಳದ ಹೊತ್ತಿನಲ್ಲಿ ಎತ್ತಲೇಬೇಡಿ. ನಮ್ಮ ಅತ್ತೆ ಎತ್ತಿದಾಗ, “ಹಾಗಾದರೆ ತೋಟದಲ್ಲಿ ಎಷ್ಟು ಸೆಂಟು ಬರುತ್ತದೆ ಅಮ್ಮಾ?” ಎಂದು ಆಯಾ ನಗುತ್ತಲೇ ಕೇಳಿದ್ದರು. ಅತ್ತೆ ಅಡುಗೆಮನೆಗೆ ಎದ್ದು ಹೋದರು.

ಒಪ್ಪಿದ್ದನ್ನು ಕನ್ನಡದಲ್ಲೇ ಬರೆಯಿರಿ: ಹೊತ್ತು, ವಾರದ ರಜೆ, ಬಿಡುವುದಾದರೆ ಅಥವಾ ಬಿಡಿಸುವುದಾದರೆ ಒಂದು ತಿಂಗಳ ಮುನ್ಸೂಚನೆ. ಕೊಡಗಿಗೆಂದೇ ಒಂದು ಸಾಲು ಸೇರಿಸಿ: ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದೋ ಗುಡ್ಡದ ಬರೆ ಕುಸಿದೋ ಬಸ್ ನಿಂತರೆ ಆ ದಿನದ ಸಂಬಳ ಕಡಿಯುವಂತಿಲ್ಲ. ಮುಂಗಡ ಕೊಟ್ಟಿದ್ದರೆ ತಿಂಗಳಿಗೆ ಎಷ್ಟು ಹಿಡಿಯುತ್ತೀರಿ ಎಂಬುದೂ ಅಲ್ಲೇ ಇರಲಿ, ಇಲ್ಲವಾದರೆ ಸಂಬಳ ಏರಿದ್ದೇ ಅವರ ಕೈಗೆ ಕಾಣುವುದಿಲ್ಲ.

ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿ. ಹೊಸ ಸಂಬಳ ಡಿಸೆಂಬರ್ 1ರಿಂದಲೇ ಶುರುವಾಗಲಿ. ಕಾಫಿ ಮಾರಿದ ಮೇಲೆ ನೋಡೋಣ ಎಂದರೆ ಅವರು ನಂಬುವುದಿಲ್ಲ, ನಂಬಲೂ ಬಾರದು.